ಉತ್ತರ ಕೊಟ್ಟವರು ಯಾರು?

ಕಡೂರಿನ ಸ್ನೇಹಿತರೊಬ್ಬರಿಗೆ ಮೂರು ಗೊಬ್ಬರದ ಅಂಗಡಿ: ಕಡೂರು, ತರೀಕೆರೆ, ಅಜ್ಜಂಪುರ. ಮೂರೂ ಕಡೆಯ ಬಿಲ್ಲಿಂಗ್ ಕಂಪ್ಯೂಟರು ಎದ್ದಿವೆಯೇ ಎಂದು ಐದು ನಿಮಿಷಕ್ಕೊಮ್ಮೆ ‘ಇದ್ದೀಯಾ?’ ಎಂದು ಕೇಳುವ ಪಿಂಗ್ ಆದೇಶ ಬಳಸಿ ನೋಡಲು ಅವರ ಮಗ ಪೈಥಾನ್‌ನಲ್ಲಿ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದಿದ್ದಾನೆ. ಮೊನ್ನೆ ಅಜ್ಜಂಪುರದಲ್ಲಿ ಕರೆಂಟಿಲ್ಲ, ಯುಪಿಎಸ್ಸೂ ಮಲಗಿ ಬೆಳಗಿನಿಂದ ಬಿಲ್ ಬುಕ್ಕಿನಲ್ಲೇ ವ್ಯಾಪಾರ. ಕಡೂರಿನ ಪರದೆಯಲ್ಲಿ ಮಾತ್ರ ಅಜ್ಜಂಪುರದ ಮುಂದೆ ಹಸಿರು ಚುಕ್ಕೆ.

“ಅಂಕಲ್, ಕಳೆದುಹೋದದ್ದು (ಲಾಸ್ಟ್) ಸೊನ್ನೆ ಅಂತಲೇ ಬರ್ತಿದೆಯಲ್ಲ!” ಎಂದ ಹುಡುಗ.

ಕಪ್ಪು ಕಿಟಕಿ ತೆರೆದು ಕೈಯಾರೆ ಪಿಂಗ್ ಮಾಡಿದೆವು. ಕಳಿಸಿದ್ದು ಒಂದು, ಬಂದದ್ದು ಒಂದು, ನಿಜ. ಆದರೆ ಬಂದ ಸಾಲಿನಲ್ಲಿ ಇದ್ದದ್ದು ಕಡೂರಿನದೇ ರೂಟರಿನ ವಿಳಾಸ, ಪಕ್ಕದಲ್ಲಿ ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’. ಬೀರೂರಿನಲ್ಲಿ ರೈಲು ದಾರಿ ಕವಲೊಡೆದು ಒಂದು ತರೀಕೆರೆಗೆ, ಇನ್ನೊಂದು ಅಜ್ಜಂಪುರಕ್ಕೆ ಹೋಗುತ್ತದಲ್ಲ. ‘ಅತ್ತ ದಾರಿ ಇಲ್ಲ’ ಎಂದು ಬೀರೂರಿನವರು ಹೇಳಿದ್ದನ್ನೇ ಅಜ್ಜಂಪುರದ ಉತ್ತರ ಅಂದುಕೊಂಡಂತೆ. ವಿಂಡೋಸ್ ಪಿಂಗ್ ಇದನ್ನೂ ಉತ್ತರವೆಂದೇ ಎಣಿಸಿ ರಿಟರ್ನ್ ಕೋಡ್ ಸೊನ್ನೆ, ಅಂದರೆ ‘ಎಲ್ಲ ಸರಿ’, ಎಂದು ಕೊಡುತ್ತದೆ. ಸ್ಕ್ರಿಪ್ಟ್ ನೋಡುತ್ತಿದ್ದದ್ದು ಆ ಸೊನ್ನೆಯನ್ನಷ್ಟೇ.

1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿ ಪಿಂಗ್ ಬರೆದ ಮೈಕ್ ಮೂಸ್, ಸೋನಾರ್ ಸದ್ದಿನಿಂದ ಆ ಹೆಸರಿಟ್ಟ. ಅದು ಮನುಷ್ಯ ಕಣ್ಣಿಟ್ಟು ಓದಲೆಂದು ಮಾಡಿದ ಸಾಧನ. ಸ್ಕ್ರಿಪ್ಟಿಗೆ ಕಣ್ಣು ಕೊಡುವ ಕೆಲಸ ನಮ್ಮದು. ದೂರದ ಯಂತ್ರವೇ ಉತ್ತರಿಸಿದ್ದರೆ ಸಾಲಿನ ಕೊನೆಗೆ ‘ಟಿಟಿಎಲ್=’ ಇರುತ್ತದೆ; ದಾರಿ ಇಲ್ಲ ಎಂಬ ಸಾಲಿನಲ್ಲಿ ಇರುವುದಿಲ್ಲ. ಹುಡುಗ ಔಟ್‌ಪುಟ್‌ನಲ್ಲಿ ಅದನ್ನೇ ಹುಡುಕುವಂತೆ ಬದಲಿಸಿದ. ಐಪಿ ಆರನೇ ಆವೃತ್ತಿಯಲ್ಲಿ ಆ ಗುರುತು ಕಾಣಿಸದು, ಹಾಗಾಗಿ ನಾಲ್ಕನೆಯದೇ ಬೇಕೆಂದು ಆಪ್ಷನ್ ಕೊಟ್ಟೆವು.

ಇದೇ ಸ್ಕ್ರಿಪ್ಟನ್ನು ಲಿನಕ್ಸಿಗೆ ಹೊತ್ತೊಯ್ಯುವವರು ಎಚ್ಚರ. ಎಷ್ಟು ಸಲ ಎನ್ನಲು ವಿಂಡೋಸಿನಲ್ಲಿ ‘ಎನ್’, ಲಿನಕ್ಸಿನಲ್ಲಿ ‘ಸಿ’. ಕಾಯುವ ಹೊತ್ತು ವಿಂಡೋಸಿಗೆ ಮಿಲಿಸೆಕೆಂಡಿನಲ್ಲಿ, ಲಿನಕ್ಸಿಗೆ ಸೆಕೆಂಡಿನಲ್ಲಿ. ಸಾವಿರ ಎಂದು ಬರೆದರೆ ಇಲ್ಲಿ ಒಂದು ಸೆಕೆಂಡು, ಅಲ್ಲಿ ಹದಿನಾರು ನಿಮಿಷಕ್ಕೂ ಮೇಲೆ!

ತರೀಕೆರೆಯದು ತಿರುಗಾಮುರುಗಾ. ಅಂಗಡಿಯಲ್ಲಿ ಬಿಲ್ಲು ಸಲೀಸಾಗಿ ಬರುತ್ತಿತ್ತು, ಚುಕ್ಕೆ ಕೆಂಪು. ಅಲ್ಲಿನ ಫೈರ್‌ವಾಲ್ ಪಿಂಗನ್ನು ಒಳಗೇ ಬಿಡುತ್ತಿರಲಿಲ್ಲ. ಅಲ್ಲಿಗೆ ಪಿಂಗ್ ಕೈಬಿಟ್ಟು ಬಿಲ್ಲಿಂಗ್ ತಂತ್ರಾಂಶದ ಪೋರ್ಟಿಗೇ ಸಾಕೆಟ್‌ನಿಂದ ಕದ ತಟ್ಟಿಸಿದೆವು. ನನ್ನ ಕೇಳಿದರೆ ಮೂರೂ ಅಂಗಡಿಗೆ ಇದೇ ಮೇಲು. ನಮಗೆ ಬೇಕಾದದ್ದು ಬಿಲ್ಲು ತಾನೆ?

ನಿಮ್ಮಲ್ಲೂ ಇಂಥ ಸ್ಕ್ರಿಪ್ಟ್ ಇದ್ದರೆ, ಈ ಭಾನುವಾರ ದೂರದ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ಕಿತ್ತು, ಚುಕ್ಕೆ ಕೆಂಪಾಗುತ್ತದೆಯೇ ನೋಡಿ.