ಒಂದು ಹಕ್ಕಿಗೆ ಒಂದು ಅಂಕ

ಪಕ್ಷಿವೀಕ್ಷಕರ ಸಾಧನೆಗೆ ಬಹುಕಾಲದಿಂದ ಅಳತೆಗೋಲಾಗಿರುವುದು ‘ಲೈಫ್ ಲಿಸ್ಟ್’, ಅಂದರೆ ಒಬ್ಬರು ಜೀವಮಾನದಲ್ಲಿ ಕಂಡ ಪ್ರಭೇದಗಳ ಒಟ್ಟು ಸಂಖ್ಯೆ. 2002ರಲ್ಲಿ ಆರಂಭವಾದ, ಪಕ್ಷಿವೀಕ್ಷಣೆಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್ ಈ ಲೆಕ್ಕವನ್ನು ತಾನೇ ಇಟ್ಟು, ವೀಕ್ಷಕರನ್ನು ಅದರಂತೆ ಸಾಲಾಗಿ ನಿಲ್ಲಿಸತೊಡಗಿದ ಮೇಲೆ ಅದರ ಪ್ರತಿಷ್ಠೆ ಇನ್ನಷ್ಟು ಬೆಳೆಯಿತು. ಆ ಪ್ರತಿಷ್ಠೆಗೆ ಪ್ರಭೇದಕ್ಕೊಂದು ಅಂಕವೆಂಬ ಈ ಸೂತ್ರ ಅರ್ಹವಲ್ಲ.

ಇ-ಬರ್ಡ್‌ನ 2024ರ ವರ್ಗೀಕರಣ ಪರಿಷ್ಕರಣೆಯಲ್ಲಿ ಕಣಜಗೂಬೆಯನ್ನು ಮೂರು ಪ್ರಭೇದಗಳಾಗಿ ಒಡೆದಾಗ, ಅದನ್ನು ಭಾರತದಲ್ಲೂ ಯುರೋಪಿನಲ್ಲೂ ಹಿಂದೆಂದೋ ಕಂಡವರಿಗೆ ಕುಳಿತಲ್ಲೇ ಒಂದು ಅಂಕ ಹೆಚ್ಚಿತು. ಅದೇ ಪರಿಷ್ಕರಣೆ ರೆಡ್‌ಪೋಲ್ ಎಂಬ ಹಕ್ಕಿಯ ಮೂರು ಪ್ರಭೇದಗಳನ್ನು ಒಂದಾಗಿಸಿದ್ದರಿಂದ ಮೂರನ್ನೂ ಕಂಡಿದ್ದವರ ಎರಡು ಅಂಕ ಕರಗಿತು.

ಇದಕ್ಕಿಂತ ಗಂಭೀರವಾದುದು ಸೊನ್ನೆಯ ಪ್ರಶ್ನೆ. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠವನ್ನು ಹೊಲದಂಚಿನ ತಂತಿಯ ಮೇಲೆ ಮೊದಲು ಕಂಡ ದಿನ ಒಂದು ಅಂಕ ದೊರೆಯುತ್ತದೆ. ಮುಂದೆ ನಲವತ್ತು ಮುಂಜಾನೆ ಅದೇ ತಂತಿಯನ್ನು ನೋಡಿದವರಿಗೆ, ಹಕ್ಕಿ ಇದ್ದರೂ ಇಲ್ಲದಿದ್ದರೂ, ಏನೂ ದೊರೆಯುವುದಿಲ್ಲ. ಆದರೆ 942 ಪ್ರಭೇದಗಳ ಸ್ಥಿತಿಯನ್ನು ಪರಿಶೀಲಿಸಿದ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಗೆ ನೀಲಕಂಠದ ಇಳಿಕೆ ಗೋಚರಿಸಿದ್ದೂ, ಅದರ ಅಪಾಯದ ಮಟ್ಟವನ್ನು ಮರುಪರಿಶೀಲಿಸಬೇಕೆಂದು ಅದು ಹೇಳಿದ್ದೂ ಇಂತಹ ಮುಂಜಾನೆಗಳ ಬಲದಿಂದಲೇ. ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ಬಿಡದೆ ಬರೆದ ‘ಸಂಪೂರ್ಣ ಪಟ್ಟಿ’ಯಲ್ಲಿ ಒಂದು ಹೆಸರು ಇಲ್ಲವೆಂದರೆ ಆ ಹೊತ್ತಿನಲ್ಲಿ ಆ ಹಕ್ಕಿ ಕಾಣಲಿಲ್ಲವೆಂದೇ ಅರ್ಥ, ಇಂತಹ ಪಟ್ಟಿಗಳಲ್ಲಿ ಎಷ್ಟರಲ್ಲಿ ಹಕ್ಕಿ ಇದೆ, ಎಷ್ಟರಲ್ಲಿ ಇಲ್ಲ ಎಂಬ ಪ್ರಮಾಣದಿಂದಲೇ ಏರಿಳಿತ ತಿಳಿಯುತ್ತದೆ. ಅತ್ಯಂತ ಬೆಲೆಯುಳ್ಳ ಈ ಗೈರುಹಾಜರಿಯ ದಾಖಲೆಗೆ ಲೈಫ್ ಲಿಸ್ಟಿನಲ್ಲಿ ಜಾಗವೇ ಇಲ್ಲ.

ಅಪರೂಪದ ಹಕ್ಕಿಗೆ ಹೆಚ್ಚು ಅಂಕ ಕೊಟ್ಟರೆ ನ್ಯಾಯವಾಗುತ್ತದೆಂಬ ವಾದ ರೋಗವನ್ನೇ ಮದ್ದೆಂದು ಕೊಟ್ಟಂತೆ. ಅದರಿಂದ ಗೂಡುಗಳ ಸುತ್ತ ಜನ ಸೇರುತ್ತಾರೆ, ಸಂಶಯದ ಗುರುತುಗಳು ಖಚಿತವೆಂದು ದಾಖಲಾಗುತ್ತವೆ, ನೀಲಕಂಠವಂತೂ ಅಳಿವಿನಂಚಿಗೆ ಬರುವವರೆಗೆ ಅಗ್ಗದ ಹಕ್ಕಿಯಾಗಿಯೇ ಉಳಿಯುತ್ತದೆ. ಅಂಕವೇ ಬೇಡವೆನ್ನುವವರ ನಿಲುವು ಶುದ್ಧವಾದುದು ನಿಜ, ಆದರೆ ಪಟ್ಟಿ ಹಿಡಿದವರು ಎಣಿಸದೆ ಬಿಡುವವರಲ್ಲ.

ಹಾಗಾದರೆ ಪ್ರಭೇದಗಳ ಬದಲು ಸಂಪೂರ್ಣ ಪಟ್ಟಿಗಳನ್ನೇ ಎಣಿಸೋಣ. ಹಾಗೆ ಎಣಿಸಿದರೆ ಒಂದು ಗಂಟೆಯ ನಡಿಗೆಯನ್ನು ಹತ್ತು ತುಂಡು ಮಾಡುವವರಿದ್ದಾರೆಂಬ ಆಕ್ಷೇಪ ಸರಿಯಾದುದೇ. ಭಾರತದ ಹಕ್ಕಿಗಣತಿಗಳಲ್ಲಿ ರೂಢಿಯಲ್ಲಿರುವ ಕನಿಷ್ಠ 15 ನಿಮಿಷಗಳ ನಿಯಮದ ಜೊತೆಗೆ, ಒಂದು ಜಾಗಕ್ಕೆ ದಿನಕ್ಕೊಂದೇ ಪಟ್ಟಿ ಎಂಬ ಮಿತಿಯನ್ನು ಸೇರಿಸಿದರೆ ಅದಕ್ಕೆ ಉತ್ತರ ದೊರೆಯುತ್ತದೆ. ನೀಲಕಂಠ ಕಾಣದ ಮುಂಜಾನೆಯ ಪಟ್ಟಿಗೂ ಅಂಕ ಸಲ್ಲಬೇಕು.