ಸಂಗ್ಯಾನನ್ನಲ್ಲ, ಹಿಮ್ಮೇಳವನ್ನು ನೋಡ್ರಿ

ಉತ್ತರ ಕರ್ನಾಟಕದ ಜನಪದ ನಾಟಕವಾದ ಸಣ್ಣಾಟ ನೋಡಲು ಬರುವ ಹೊಸಬರಲ್ಲಿ ಎರಡು ಪಂಗಡ. ಮೊದಲಿನವರು ಕುಂಟಣಿಯ ಎರಡರ್ಥದ ಮಾತಿಗೆ ಸೀಟಿ ಹೊಡೆದು, ಆ ಪ್ರವೇಶ ಮುಗಿದೊಡನೆ ಚಹಾದಂಗಡಿಗೆ ಹೋಗುವವರು. ಎರಡನೆಯವರು ಕ್ಯಾಮೆರಾ ಹೊತ್ತು ಬಂದು, ಹತ್ತು ನಿಮಿಷ ಚಿತ್ರ ತೆಗೆದು, ‘ಎಷ್ಟು ಸಹಜ ಅಭಿನಯ!’ ಎಂದು ಲಾಡ್ಜಿಗೆ ಮರಳುವವರು. ಮೊದಲಿನವರನ್ನಾದರೂ ಕ್ಷಮಿಸಬಹುದು, ಪಟ್ಟಿ ಎತ್ತುವಾಗ ಅವರು ರೊಕ್ಕ ಕೊಟ್ಟಿರುತ್ತಾರೆ. ‘ಸಂಗ್ಯಾ ಬಾಳ್ಯಾ’ದಲ್ಲಿ ಸಹಜ ಅಭಿನಯ ಹುಡುಕುವವರಿಗೆ ಏನು ಹೇಳಬೇಕೋ ನನಗೆ ತಿಳಿಯದು.

ಕಥೆ ನಿಮಗೆ ಗೊತ್ತಿರಲೇಬೇಕು. ಉಳ್ಳವರ ಮನೆಯ ಸಂಗ್ಯಾ, ವ್ಯಾಪಾರಿ ಈರ್ಯಾನ ಹೆಂಡತಿ ಗಂಗಿ, ಜೀವದ ಗೆಳೆಯ ಬಾಳ್ಯಾ, ಕಡೆಗೆ ಕೊಲೆ. ಬೈಲಹೊಂಗಲದಲ್ಲಿ ನಿಜವಾಗಿ ನಡೆದದ್ದೆಂದು ಜನ ಹೇಳುತ್ತಾರೆ, ಆಟ ಕಟ್ಟಿದವರು ಪತ್ತಾರ ಮಾಸ್ತರರೆಂದೂ ಹೇಳುತ್ತಾರೆ. ಕೊಲೆಯಾಗುವುದು ಎಲ್ಲರಿಗೂ ಗೊತ್ತಿದ್ದರೂ ಬೆಳತನಕ ಯಾಕೆ ಕೂಡುತ್ತಾರೆ? ಹಿಮ್ಮೇಳಕ್ಕಾಗಿ.

ಪಾತ್ರಧಾರಿ ಒಂದು ಸಾಲು ಹಾಡಿ ಬಿಡುತ್ತಾನೆ. ಬೆನ್ನ ಹಿಂದೆ ನಿಂತವರು ಅದರ ತುದಿ ಹಿಡಿದು, ದನಿ ಏರಿಸಿ, ತಿರುಗಿಸಿ ತಿರುಗಿಸಿ ಹಾಡುತ್ತಾರೆ. ಹೊಸಬರು ಆ ಹೊತ್ತನ್ನು ಬಿಡುವು ಎಂದು ತಿಳಿದು ಪಕ್ಕದವರ ಜೊತೆ ಮಾತಿಗೆ ಇಳಿಯುತ್ತಾರೆ. ಆಟ ನಡೆಯುವುದೇ ಅಲ್ಲಿ! ಗಂಗಿ ಮೊದಲ ಸಲ ಒಲ್ಲೆ ಎನ್ನುವಾಗ ಅವಳ ಮಾತು ಖಡಕ್ಕಾಗಿಯೇ ಇರುತ್ತದೆ. ಅದೇ ಮಾತು ಹಿಮ್ಮೇಳದಲ್ಲಿ ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಒಂದಿಷ್ಟು ಸಡಿಲಾಗಿರುತ್ತದೆ. ಅವಳಿಗೇ ಇನ್ನೂ ತಿಳಿಯದ್ದನ್ನು ಹಿಂದಿನವರು ಆಗಲೇ ಊರಿಗೆ ಹೇಳಿಬಿಟ್ಟಿರುತ್ತಾರೆ. ಮುಖದ ಮೇಲೆ ಅಭಿನಯ ಹುಡುಕುವವರಿಗೆ ಇದು ದಕ್ಕುವುದಿಲ್ಲ.

ನನ್ನ ಕಿವಿ ತೆರೆದದ್ದು ಅಣ್ಣಿಗೇರಿ ಸೀಮೆಯ ಒಂದು ಹಳ್ಳಿಯಲ್ಲಿ, ಸುಗ್ಗಿ ಮುಗಿದ ಮೇಲಿನ ಆಟದಲ್ಲಿ. ಬಾಳ್ಯಾ ಗೆಳೆಯನನ್ನು ಕೊಲೆಗಾರರ ಕಡೆಗೆ ಕರೆದೊಯ್ಯುತ್ತಿದ್ದ. ಅವನು ಹಾಡಿದ ಸಾಲನ್ನು ಹಿಮ್ಮೇಳ ಎತ್ತಿಕೊಳ್ಳಬೇಕಾದಲ್ಲಿ ಎತ್ತಿಕೊಳ್ಳಲಿಲ್ಲ, ಬಾಯೊಳಗೇ ಗುನುಗಿ ಬಿಟ್ಟಿತು. ನನ್ನ ಬದಿಗೆ ನವಲಗುಂದದ ಹಳೆಯ ಜಮಖಾನ ಹಾಸಿ ಕೂತಿದ್ದ ಮುದುಕರು, “ಹಿಮ್ಮೇಳದವ್ರಿಗೂ ಹೇಸಿಕಿ ಬಂತು ನೋಡಪಾ” ಅಂದರು. ಅಂದಿನಿಂದ ನಾನು ಮುಂದಿನವರನ್ನು ಬಿಟ್ಟು ಹಿಂದಿನವರನ್ನೇ ನೋಡುತ್ತ ಬಂದಿದ್ದೇನೆ. ಮುಂದೊಮ್ಮೆ ಕಲಘಟಗಿ ಕಡೆಯ ಒಂದು ಜಾತ್ರೆಯಲ್ಲಿ ಇದ್ದ ಮೈಕುಗಳನ್ನೆಲ್ಲ ಪಾತ್ರಧಾರಿಗಳಿಗೇ ಕೊಟ್ಟು ಹಿಮ್ಮೇಳವನ್ನು ಮೂಕವಾಗಿಸಿದ್ದರು. ಮಾತು ಸ್ವಚ್ಛ ಕೇಳಿದವು, ಸೀಟಿಯೂ ಬಿದ್ದವು. ಆಟ ಮಾತ್ರ ಇರಲಿಲ್ಲ.

ಇದು ಸಂಗ್ಯಾ-ಗಂಗಿಯರ ಪ್ರೇಮಕಥೆ ಎನ್ನುವವರಿಗೆ ಒಂದು ಮಾತು: ಆಟದ ಹೆಸರಿನಲ್ಲಿ ಗಂಗಿ ಇಲ್ಲ. ಇಲ್ಲಿ ಕೆಡುವ ಒಲವು ಇಬ್ಬರು ಗೆಳೆಯರದು. ಬಾಳ್ಯಾ ತಿರುಗಿಬಿದ್ದದ್ದಕ್ಕೆ ಆಟ ಕೊಡುವ ಕಾರಣ ನನಗೆ ಎಂದೂ ಸಾಕೆನಿಸಿಲ್ಲ. ಸಾಕೆನಿಸಿದ್ದರೆ ಮತ್ತೆ ಮತ್ತೆ ಯಾಕೆ ಹೋಗುತ್ತಿದ್ದೆ?

ಕೆಡುವ ಒಲವೆಂದಾಗ ದೂರದ ಇನ್ನೊಂದು ಕಥೆಯೂ ನೆನಪಾಗುತ್ತದೆ: ಜಪಾನಿನ ಮಿಕಿಯೊ ನರುಸೆ 1955ರಲ್ಲಿ ‘ಉಕಿಗುಮೊ’ ಎಂಬ ಸಿನಿಮಾ ಮಾಡಿದ. ಯುದ್ಧ ಸೋತ ದೇಶಕ್ಕೆ ಮರಳಿದ ಯುಕಿಕೊ, ಯುದ್ಧಕಾಲದಲ್ಲಿ ವಿಯೆಟ್ನಾಮಿನಲ್ಲಿ ಒಲಿದ ವಿವಾಹಿತನ ಬೆನ್ನು ಹತ್ತಿ, ಮಳೆ ಬಿಡದ ಯಾಕುಶಿಮಾ ದ್ವೀಪದಲ್ಲಿ ಸಾಯುತ್ತಾಳೆ. ಅದನ್ನು ನೋಡುವಾಗ ನನಗೆ ಬೈಲಹೊಂಗಲ ನೆನಪಾಯಿತು. 1824ರಲ್ಲಿ ಇಂಗ್ಲಿಷರೊಡನೆ ಕಾದ ಕಿತ್ತೂರಿನ ಚೆನ್ನಮ್ಮ 1829ರಲ್ಲಿ ಸೆರೆಯಲ್ಲಿ ತೀರಿಕೊಂಡದ್ದು ಅಲ್ಲಿಯೇ. ಕಿರೀಟ ಹೊತ್ತು ದೊಡ್ಡಾಟದಲ್ಲಿ ಕುಣಿಯುವಂಥ ಅರಸರು ಅಳಿದ ನಾಡಿನಲ್ಲಿ ಹಾಡಿಕೊಳ್ಳಲು ಉಳಿದದ್ದು ವ್ಯಾಪಾರಿ, ಅವನ ಹೆಂಡತಿ, ಓಣಿಯ ಗೆಳೆಯರು. ನರುಸೆಯಲ್ಲೂ ಹಾಗೆಯೇ, ಸೋಲಿನ ಲೆಕ್ಕ ಮನೆಯೊಳಗೆ ನಡೆಯುತ್ತದೆ. ಆದರೆ ಅವನ ಯುಕಿಕೊಗೆ ಹಿಮ್ಮೇಳವಿಲ್ಲ. ಅವಳ ನೋವು ಅವಳೊಬ್ಬಳದೇ. ಗಂಗಿಯ ನೋವನ್ನು ಊರೇ ಹಾಡುತ್ತದೆ. ಯಾವುದು ಹೆಚ್ಚು ಕ್ರೂರ ಎಂದು ನೀವೇ ಹೇಳ್ರಿ.

ಉಳಿದದ್ದು ಚುಟುಕಾಗಿ. ಹಾರ್ಮೋನಿಯಂ ಹೆಚ್ಚು ಗದ್ದಲ ಮಾಡಿದರೆ ಮೇಳ ಸೊರಗಿದೆ ಎಂದೇ ಅರ್ಥ. ವೇಷ ಧೋತರ, ರುಮಾಲು, ಇಳಕಲ್ ಸೀರೆ, ಅಷ್ಟು ಸಾಕು. ಪುಸ್ತಕ ಬೇಕೆನ್ನುವವರಿಗೆ ಚಂದ್ರಶೇಖರ ಕಂಬಾರರದಿದೆ, ಆಟ ನೋಡಿದ ಮೇಲೆ ಓದ್ರಿ. ಸೀರೆ ಉಟ್ಟ ಗಂಡಸು ಗಂಗಿಯಾಗಿ ಬಂದರೆ ನಗುವ ಸಂಗೀತಪ್ರಿಯರಿಗೆ ಒಂದು ನೆನಪು: ಕುಂದಗೋಳದ ನಾಡಿಗೇರ ವಾಡೆಯಲ್ಲಿ ಯಾರ ಪುಣ್ಯತಿಥಿಗೆ ನೀವು ರಾತ್ರಿಯಿಡೀ ಖಯಾಲ್ ಕೇಳುತ್ತೀರೋ, ಆ ಸವಾಯಿ ಗಂಧರ್ವರೂ ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡಿದವರು.

ಈ ಸಲ ಬಂದಾಗ ಎದುರಿಗೆ ಕೂಡಬೇಡ್ರಿ. ವೇದಿಕೆಯ ಮಗ್ಗುಲಿಗೆ, ಹಿಮ್ಮೇಳದವರ ಬಾಯಿ ಕಾಣುವಲ್ಲಿ ಕೂಡ್ರಿ. ಕುಂಟಣಿಯ ಪ್ರವೇಶ ಮುಗಿದ ಮೇಲೆ ಏಳುವ ವಿಚಾರವಿದ್ದರೆ ಆ ಜಾಗ ಬೇರೆಯವರಿಗೆ ಬಿಡ್ರಿ.