ಕೀರ್ತಿ ಗುಂಡಿಗೆ, ಕೆಲಸ ಬೇರಿಗೆ

ಹಲ್ಲಿನ ವೈದ್ಯರ ಸಮ್ಮೇಳನದಲ್ಲಿ ಬೇರು ಇಲ್ಲವೇ ಇಂಪ್ಲಾಂಟಿನ ಮೇಲೆ ಕೂರುವ ಹಲ್ಲಿನ ಸೆಟ್ಟಿನ, ಅಂದರೆ ಓವರ್‌ಡೆಂಚರಿನ ಮಾತು ಬಂದರೆ ಪರದೆಯ ಮೇಲೆ ಮೊದಲು ಮೂಡುವುದು ಗುಂಡಿಯಂಥ ಅಟ್ಯಾಚ್‌ಮೆಂಟು: ಬೇರಿನ ನೆತ್ತಿಯ ಮೇಲೊಂದು ಲೋಹದ ಗುಂಡು, ಸೆಟ್ಟಿನ ಒಳಬದಿಗೆ ಅದನ್ನು ಹಿಡಿಯುವ ನೈಲಾನ್ ಬಳೆ, ಟಿಚ್ ಬಟನ್ನಿನಂತೆ ‘ಕಟ್’ ಎಂದು ಕೂರುವ ಸದ್ದು. ಡಾಲ್ಬೊ, ಸೆಕಾ, ಲೊಕೇಟರ್, ಡೋಲ್ಡರ್ ಬಾರ್ ಎಂದು ಹೆಸರುಗಳು ಸಾಲುಗಟ್ಟುತ್ತವೆ. ಆ ಸದ್ದಿಗೆ ಸಿಕ್ಕ ಕೀರ್ತಿ ಅತಿಯಾಯಿತು ಎಂಬುದು ನನ್ನ ತಕರಾರು. ಜಮಖಂಡಿ ಸೀಮೆಯ ಸಾವಳಗಿಯಂಥ ಊರಿನ ಬಾಯಿಗಳನ್ನು ಮುಂದಿಟ್ಟುಕೊಂಡು ನೋಡಿದರೆ ಇನ್ನೂ ಅತಿ.

ಕೆಲಸ ಮಾಡುವುದು ಬೇರು. ಕೆಳದವಡೆಯ ಎರಡು ಕೋರೆಹಲ್ಲಿಗೆ ರೂಟ್ ಕೆನಾಲ್ ಮಾಡಿ, ವಸಡಿನ ಮೇಲೆ ಒಂದೆರಡು ಮಿಲಿಮೀಟರ್ ಮಾತ್ರ ಉಳಿಸಿ ದುಂಡಗೆ ಉಜ್ಜಿ, ಮೇಲೆ ಸೆಟ್ ಕೂರಿಸಿದರೆ ದವಡೆಯ ಎಲುಬು ನಿಲ್ಲುತ್ತದೆ. 1978ರಲ್ಲಿ ಕ್ರಮ್ ಮತ್ತು ರೂನಿ ಐದು ವರ್ಷದ ಅಳತೆ ಪ್ರಕಟಿಸಿದರು. ಎಲ್ಲ ಹಲ್ಲು ಕಿತ್ತು ಸೆಟ್ ಹಾಕಿಸಿಕೊಂಡವರಲ್ಲಿ ಕೆಳದವಡೆಯ ಮುಂಭಾಗದ ಎಲುಬು ಸರಾಸರಿ 5.2 ಮಿ.ಮೀ. ಕರಗಿತ್ತು, ಬೇರು ಉಳಿಸಿಕೊಂಡವರಲ್ಲಿ 0.6 ಮಿ.ಮೀ. ಇನ್ನೊಂದು ಲಾಭ ಸ್ಪರ್ಶದ್ದು. ಬೇರಿನ ಸುತ್ತಲಿನ ತಂತುಪೊರೆ ಒತ್ತಡವನ್ನು ತೂಗಿ ನೋಡುತ್ತದೆ. ಜೋಳದ ರೊಟ್ಟಿಯಲ್ಲಿ ಹರಳು ಸಿಕ್ಕರೆ ದವಡೆ ತಟ್ಟನೆ ತಡೆಯುತ್ತದೆ. ಈ ಎರಡಕ್ಕೂ ಗುಂಡಿಯ ಹಂಗಿಲ್ಲ. ಸೆಟ್ ಮೇಲೆದ್ದು ಬರದ ಹಾಗೆ ಹಿಡಿದಿಡುವುದಷ್ಟೇ ಗುಂಡಿಯ ಪಾಲು.

ಆ ಹಿಡಿತದ ಬೆಲೆಯನ್ನು ಯಾರೂ ಬಿಡಿಸಿ ಲೆಕ್ಕ ಹಾಕುವುದಿಲ್ಲ. ಹಲ್ಲನ್ನು ಗಿಡ್ಡಗೆ ಕತ್ತರಿಸುವುದೇ ಅಡ್ಡ ಬಲದ ಸನ್ನೆ ಗಿಡ್ಡವಾಗಲಿ ಎಂದು; ಅಲುಗುತ್ತಿದ್ದ ಬೇರು ಎಷ್ಟೋ ಸಲ ಬಿಗಿಯಾಗುವುದು ಅದರಿಂದಲೇ. ಅದೇ ನೆತ್ತಿಯ ಮೇಲೆ ಗುಂಡು ನಿಲ್ಲಿಸಿದರೆ, ಕಡಿದ ಎತ್ತರದಲ್ಲಿ ಒಂದು ಪಾಲು ವಾಪಸ್ ಬಂತು. ಖಡಕ್ ರೊಟ್ಟಿಯನ್ನು ಒಂದೇ ಪಕ್ಕದಲ್ಲಿ ಅಗಿಯುವಾಗ ಸೆಟ್ ಓಲುತ್ತದೆ, ಗುಂಡು ಬೇರನ್ನು ಬಗ್ಗಿಸಲು ನೋಡುತ್ತದೆ. ಇನ್ನು ಬಳೆಯ ಬಣ್ಣ. ಲೊಕೇಟರಿನ ನೀಲಿ ಬಳೆ ಸುಮಾರು 680 ಗ್ರಾಂ ಎಳೆತಕ್ಕೆ ಬಿಡುತ್ತದೆ, ಗುಲಾಬಿ 1,360ಕ್ಕೆ, ಬಣ್ಣವಿಲ್ಲದ್ದು 2,270ಕ್ಕೆ. ಸೆಟ್ ತೆಗೆದಾಗಲೆಲ್ಲ ಅಷ್ಟೂ ಎಳೆತ ಬೇರಿನ ಮೇಲೂ ಬೀಳುತ್ತದೆ. ಎಲುಬಿಗೆ ಬೆಸೆದುಕೊಂಡ ಇಂಪ್ಲಾಂಟ್ ಅದನ್ನು ತಾಳೀತು; ಅರ್ಧ ಎಲುಬು ಕಳೆದುಕೊಂಡ ಬೇರಿಗೆ ಅದು ದಿನನಿತ್ಯದ ಕೀಳುವ ಪ್ರಯತ್ನ. ಆದರೂ ‘ಗಟ್ಟಿ ಕೂತದ’ ಎಂದು ರೋಗಿ ಮೆಚ್ಚಲಿ ಎಂದು ಬಿಗಿಯಾದ ಬಳೆಯಿಂದಲೇ ಶುರು ಮಾಡುವವರುಂಟು. ಸಾಲದ್ದಕ್ಕೆ, ಗುಂಡಿಗೆ ಜಾಗ ಮಾಡಲು ಸೆಟ್ಟಿನ ಅಕ್ರಿಲಿಕ್ ಅಲ್ಲೇ ತೆಳುವಾಗುತ್ತದೆ. ಬಿರುಕು ಬಿಡುವುದೂ ಅಲ್ಲೇ.

ಇಲ್ಲಿಗೆ ಇಂಪ್ಲಾಂಟ್ ಪಕ್ಷದವರು ಅಡ್ಡ ಬರುತ್ತಾರೆ. ‘ಬೇರಿನ ಗೋಜೇ ಬೇಡ, 2002ರ ಮೆಕ್‌ಗಿಲ್ ಒಮ್ಮತ ಓದಿ’ ಎನ್ನುತ್ತಾರೆ. 2009ರ ಯಾರ್ಕ್ ಹೇಳಿಕೆಯನ್ನೂ ಜೋಡಿಸುತ್ತಾರೆ. ಓದಿದ್ದೇವೆ. ಹಲ್ಲೇ ಇಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟಿನ ಓವರ್‌ಡೆಂಚರ್ ಮೊದಲ ಆಯ್ಕೆಯಾಗಲಿ ಎಂದು ಅಲ್ಲಿದೆ. ‘ಹಲ್ಲೇ ಇಲ್ಲದ’ ಎಂಬ ಷರತ್ತನ್ನು ಇವರು ನುಂಗಿಬಿಡುತ್ತಾರೆ. ಎರಡು ಕೋರೆಹಲ್ಲು ನಿಂತಿರುವ ಬಾಯಿಗೆ ಮೆಕ್‌ಗಿಲ್ ಅನ್ವಯಿಸಬೇಕಾದರೆ ಮೊದಲು ಆ ಎರಡನ್ನು ಕೀಳಬೇಕು. ರೋಗವನ್ನು ತಾವೇ ತಂದಿಟ್ಟು ಔಷಧ ಬರೆದಂತಾಯಿತು. ಒಮ್ಮತಪತ್ರ ಹೇಳಿದ್ದು ಬೋಳು ದವಡೆಯ ಮಾತು. ನಮ್ಮವರ ಕೈಯಲ್ಲಿ ಅದು ಇಕ್ಕಳಕ್ಕೆ ಕೊಟ್ಟ ಪರವಾನಗಿಯಾಗಿದೆ.

ರೋಗಿಗಳೇನೂ ಇವರಿಗೆ ಎದುರಾಡುವುದಿಲ್ಲ. ‘ಎಲ್ಲಾ ಕಿತ್ ಹಾಕ್ರಿ ಸಾಹೇಬ್ರ, ಒಮ್ಮೆಗೇ ಸೆಟ್ ಕೂಡಿಸಿಬಿಡ್ರಿ’ ಎಂಬುದು ಜಮಖಂಡಿ ಸೀಮೆಯ ದವಾಖಾನೆಗಳಲ್ಲಿ ಹಳೆಯ ಮಾತು. ಸಿದ್ದರಾಮಯ್ಯ ಸರ್ಕಾರದ ಮೊದಲ ಅವಧಿಯ ದಂತಭಾಗ್ಯ ಯೋಜನೆ ಬಿಪಿಎಲ್ ಹಿರಿಯರಿಗೆ ಪುಕ್ಕಟೆ ಸೆಟ್ ಕೊಟ್ಟಿತು. ಪುಣ್ಯದ ಕೆಲಸ, ಸಂಶಯವಿಲ್ಲ. ಆದರೆ ಹಲ್ಲೆಲ್ಲ ಹೋದ ಮೇಲಿನ ಭಾಗ್ಯಕ್ಕೆ ಸಿಕ್ಕ ಪ್ರಚಾರದ ಕಾಲುಭಾಗವೂ ಹೋಗುವ ಮೊದಲು ಎರಡು ಬೇರು ಉಳಿಸುವ ವಿದ್ಯೆಗೆ ಸಿಗಲಿಲ್ಲ.

ಇನ್ನು ಆರೈಕೆ. ಭಾಷಣಗಳಲ್ಲಿ ಇದಕ್ಕೆ ಸಿಗುವುದು ಕೊನೆಯ ಒಂದು ಸ್ಲೈಡು. ಬೇರು ಬದುಕುವುದು ಸಾಯುವುದು ಇದರ ಮೇಲೆ. ಅಯೋವಾದಲ್ಲಿ ಎಟಿಂಗರ್ ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದ ರೋಗಿಗಳಲ್ಲಿ ಬೇರು ಕಳೆದದ್ದಕ್ಕೆ ವಸಡಿನ ರೋಗ, ಹುಳುಕು ದೊಡ್ಡ ಕಾರಣಗಳು. ಸೆಟ್ಟಿನ ಕೆಳಗೆ ಜೊಲ್ಲು ಹರಿದಾಡುವುದಿಲ್ಲ, ಕಸರು ಕೂತೇ ಇರುತ್ತದೆ. ಗುಂಡಿನ ಕುತ್ತಿಗೆ ಇದ್ದರಂತೂ ಕೂರಲು ಇನ್ನೊಂದು ಸಂದು. ಮೆತ್ತನೆ ಬ್ರಷ್ಷಿನಿಂದ ಬೇರಿನ ನೆತ್ತಿ, ವಸಡಿನ ಅಂಚು ಎರಡನ್ನೂ ದಿನಾ ಉಜ್ಜಬೇಕು, ತಂಬಾಕಿನ ಮಿಶ್ರಿಯಿಂದ ಅಲ್ಲ. ವೈದ್ಯರು ಬರೆದ 5,000 ಪಿಪಿಎಂ ಫ್ಲೋರೈಡ್ ಜೆಲ್ಲನ್ನು ಬೇರು ಕೂರುವ ಗುಳಿಗೆ ಒಂದು ಹನಿ ಹಾಕಬೇಕು. ರಾತ್ರಿ ಸೆಟ್ ತೆಗೆದು ತಣ್ಣೀರಲ್ಲಿ ಇಡಬೇಕು. ಕುದಿನೀರು ಅಕ್ರಿಲಿಕ್ಕನ್ನು ಸೊಟ್ಟ ಮಾಡುತ್ತದೆ, ಬ್ಲೀಚ್ ಲೋಹ, ನೈಲಾನ್ ಎರಡನ್ನೂ ಕೆಡಿಸುತ್ತದೆ. ಸೆಟ್ಟನ್ನು ಬೆರಳಿನಿಂದ ಒತ್ತಿ ಕೂರಿಸಬೇಕು. ಹಲ್ಲು ಕಚ್ಚಿ ‘ಕಟ್’ ಅನಿಸುವ ಚಟ ಬಳೆಯನ್ನು ಓರೆಯಾಗಿ ಸವೆಸುತ್ತದೆ. ಸವೆದ ಬಳೆ ಸಾವಳಗಿಯ ಅಂಗಡಿಯಲ್ಲಿ ಸಿಗುವ ಮಾಲಲ್ಲ. ಅದಕ್ಕಾಗಿ ಬಾಗಲಕೋಟೆಯ ನಾಡಗೌಡ ದಂತ ಕಾಲೇಜಿಗೋ ವಿಜಯಪುರಕ್ಕೋ ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ದುಂಡಗೆ ಉಜ್ಜಿದ ಬೋಳು ಬೇರಿಗೆ ಬದಲಿಸುವ ಬಳೆಯೇ ಇಲ್ಲ.

ಎಲುಬು ಪೂರಾ ಚಪ್ಪಟೆಯಾದವರಿಗೆ, ಜೊಲ್ಲು ಬತ್ತಿದವರಿಗೆ ಗುಂಡಿ ಬೇಕಾದೀತು, ಒಪ್ಪಿದೆ. ಆದರೆ ಅದು ಮೊದಲ ದಿನದ ತೀರ್ಮಾನ ಆಗಕೂಡದು. ಮೊದಲು ಬೋಳು ಬೇರಿನ ಮೇಲೆ ಸೆಟ್ ಕೊಡಿ. ಆರು ತಿಂಗಳಿಗೆ ಕರೆದು ಬೇರು ಶುಚಿಯಾಗಿದೆಯೇ ನೋಡಿ. ಶುಚಿಯಿದ್ದೂ ಸೆಟ್ ಏಳುತ್ತಿದ್ದರೆ ಎಲ್ಲಕ್ಕಿಂತ ಗಿಡ್ಡ ಗುಂಡಿ ಹಾಕಿ, ನೀಲಿ ಬಳೆಯಿಂದ ಶುರು ಮಾಡಿ. ಬೇರನ್ನು ಉಜ್ಜಿಕೊಳ್ಳದವನ ಬಾಯಿಗೆ ಗುಂಡಿ ಹಾಕಿದರೆ ಅದರ ಲಾಭ ಮಾರಿದವನಿಗೆ ಮಾತ್ರ.